ಸಾಂತಿಯಾಗೊ ದಾರಿಯ ಸರ್ಕಾರಿ ಆಲ್ಬೆರ್ಗೆಗಳು: ಒಂದೇ ರಾತ್ರಿಯ ಸೂರು

ಸ್ಪೇನಿನ ಕ್ರೈಸ್ತ ಯಾತ್ರಾಸ್ಥಳ ಸಾಂತಿಯಾಗೊ ದೆ ಕಾಂಪೊಸ್ತೆಲಾಕ್ಕೆ ನಡೆದು ಹೋಗುವವರಿಗಾಗಿ ಅಲ್ಲಿನ ಗಲೀಸಿಯಾ ಪ್ರಾಂತ್ಯದ ಸರ್ಕಾರ ನಡೆಸುವ ಯಾತ್ರಿನಿವಾಸಗಳೇ ಈ ಆಲ್ಬೆರ್ಗೆಗಳು. ಬಾಡಿಗೆ ರಾತ್ರಿಗೆ 10 ಯೂರೋ ಆಸುಪಾಸು. ಮುಂಗಡ ಬುಕ್ಕಿಂಗ್ ಇಲ್ಲ. ಯಾತ್ರಿಯ ಪಾಸ್‌ಪೋರ್ಟ್, ಅಂದರೆ ಕ್ರೆದೆನ್ಸಿಯಾಲ್, ತೋರಿಸದಿದ್ದರೆ ಹಾಸಿಗೆ ಸಿಗದು.

ಕಾಯಿಲೆ ಬಿದ್ದವರ ಹೊರತು ಯಾರಿಗೂ ಎರಡನೇ ರಾತ್ರಿಗೆ ಜಾಗವಿಲ್ಲ. ಬೆಳಿಗ್ಗೆ ಎಂಟರೊಳಗೆ ಜಾಗ ಖಾಲಿ ಮಾಡಲೇಬೇಕು. ನಮ್ಮ ಲೆಕ್ಕದಲ್ಲಿ ಇದೇ ಈ ಸೇವೆಯ ದೊಡ್ಡ ಗುಣ. ಇಲ್ಲಿ ನಮಗೆ ಶಾಶ್ವತ ಪಟ್ಟಣವಿಲ್ಲ ಎನ್ನುವ, ಬೈಬಲ್ಲಿನ ಇಬ್ರಿಯರ ಪತ್ರಿಕೆಯ 13:14ನ್ನು ಕೂತು ಓದುವುದೇ ಬೇರೆ, ಇನ್ನೂ ಪೂರ್ತಿ ಒಣಗದ ಸಾಕ್ಸನ್ನು ಬ್ಯಾಗಿಗೆ ಪಿನ್ ಹಾಕಿ ಸಿಕ್ಕಿಸಿಕೊಂಡು ಹೊರಡುವುದೇ ಬೇರೆ.

ಕೆಡುವುದು ಹಾಸಿಗೆಯ ಪೈಪೋಟಿಯಲ್ಲಿ. ಬಾಗಿಲು ತೆರೆಯುವುದು ಮಧ್ಯಾಹ್ನ ಒಂದಕ್ಕೆ. ಅದಕ್ಕೆ ಮೊದಲೇ ಸಾಲು ಹಿಡಿಯಬೇಕೆಂದು ಜನ ಕತ್ತಲಲ್ಲೇ ಟಾರ್ಚ್ ಹಿಡಿದು ಓಡುತ್ತಾರೆ. ಪ್ರಾರ್ಥನೆಗೂ ಪುರುಸೊತ್ತಿಲ್ಲದ ಇಂಥ ಯಾತ್ರೆ ಯಾಕೆ ಬೇಕು? ಉಪಾಯ ಸುಲಭ: ಎಲ್ಲರೂ ನಿಲ್ಲುವ ಪೋರ್ತೊಮರೀನ್ ಬಿಟ್ಟು ಸುಮಾರು 8 ಕಿ.ಮೀ. ಮುಂದಿನ ಗೊನ್ಸಾರ್‌ನಲ್ಲಿ ನಿಲ್ಲಿ. ಅರ್ಸೂವಾಕ್ಕೆ 3 ಕಿ.ಮೀ. ಮೊದಲೇ ಸಿಗುವ ರಿಬಾದಿಸೊದಲ್ಲಿ ಉಳಿಯಿರಿ. ರಿಬಾದಿಸೊದ್ದು ಹೊಳೆ ದಂಡೆಯ ಹಳೇ ಯಾತ್ರಿಕರ ಆಸ್ಪತ್ರೆಯ ಕಟ್ಟಡ, ಪಕ್ಕದಲ್ಲೇ ಕಲ್ಲುಸೇತುವೆ. ಇಡೀ ಸರಣಿಯಲ್ಲಿ ನಮ್ಮ ಮೊದಲ ಆಯ್ಕೆ ಅದೇ.

ಅಡುಗೆಮನೆ ಇರುತ್ತದೆ, ಪಾತ್ರೆ ಇರುವುದು ಅಪರೂಪ. ಒಂದು ಹಗುರ ಪಾತ್ರೆ, ಚಮಚ ಒಯ್ಯಿರಿ. ಬ್ಯಾಗಿನ ತೂಕ ದೇಹದ ತೂಕದ ಹತ್ತನೇ ಒಂದು ಭಾಗ ಮೀರಿದರೆ ಮೊದಲು ಕೈಕೊಡುವುದು ಮಂಡಿ. ತಿಗಣೆಗಾಗಿ ಹಾಸಿಗೆಯ ಹೊಲಿಗೆಯಂಚು ನೋಡಿ, ಬ್ಯಾಗನ್ನು ಮಂಚದ ಮೇಲಿಡಬೇಡಿ.

ಅನೇಕರು ನಡಿಗೆ ಶುರುಮಾಡುವ ಸಾರಿಯಾ ಪಟ್ಟಣದಿಂದ ಸಾಂತಿಯಾಗೊಗೆ ಸುಮಾರು 115 ಕಿ.ಮೀ., ಐದು ದಿನದ ನಡಿಗೆ. ಬೈಬಲ್ಲಿನ ಯಾತ್ರಾಗೀತೆಗಳು, ಕೀರ್ತನೆ 120ರಿಂದ 134, ಒಟ್ಟು ಹದಿನೈದು. ದಿನಕ್ಕೆ ಮೂರರಂತೆ ಸರಿಹೊಂದುತ್ತವೆ. ಬೆಳಿಗ್ಗೆಗೆ ಒಂದು, ದಾರಿಯಲ್ಲೊಂದು, ಹತ್ತಕ್ಕೆ ದೀಪ ಆರುವ ಮುಂಚೆ ಒಂದು.

ಕೊನೆಯಲ್ಲಿ ಕೊಡುವ ಕಾಂಪೊಸ್ತೆಲಾ ಪ್ರಮಾಣಪತ್ರ ಉಚಿತ. ಕನಿಷ್ಠ 100 ಕಿ.ಮೀ. ನಡೆದಿರಬೇಕು, ಸಾರಿಯಾದಿಂದ ಹೊರಟವರ ಕ್ರೆದೆನ್ಸಿಯಾಲಿನಲ್ಲಿ ದಿನಕ್ಕೆ ಎರಡು ಮುದ್ರೆ ಇರಬೇಕು. ಅನೇಕರು ಎಡವುವುದು ಇಲ್ಲೇ: ರಾತ್ರಿ ತಂಗಿದಲ್ಲಿ ಒಂದು ಹಾಕಿಸಿ, ಹಗಲಿನದನ್ನು ಮರೆಯುತ್ತಾರೆ. ದಾರಿಯ ಚರ್ಚು ಮುಚ್ಚಿದ್ದರೆ ಕಾಫಿ ಅಂಗಡಿಯ ಮುದ್ರೆಯೂ ನಡೆಯುತ್ತದೆ.