ಬೈಕಂಪಾಡಿಯ ಬೋರ್ಡಿಲ್ಲದ ಶೆಡ್ಡು ಮತ್ತು ಹಳೆಯ ಷೆವರ್ಲೆಯ ಬಾಗಿಲು

ಹಳೆಯ ಗಾಡಿಯ ಬಾಗಿಲಿನ ಹಿಂಜ್ ಬೋಲ್ಟು ಬಿಚ್ಚಲು ಬರುವುದಿಲ್ಲ ಎಂದೊಡನೆ ಗ್ಯಾಸ್ ಕಟ್ಟರ್ ಹೊತ್ತಿಸುವ ಗ್ಯಾರೇಜುಗಳೇ ಹೆಚ್ಚು. ಮಂಗಳೂರಿನ ಬೈಕಂಪಾಡಿ ಕೈಗಾರಿಕಾ ಪ್ರದೇಶದ ಒಳರಸ್ತೆಯಲ್ಲಿರುವ ಈ ಬಾಡಿ ರಿಪೇರಿ ಶೆಡ್ಡಿನಲ್ಲಿ ಮಾತ್ರ ಬೋಲ್ಟು ಏಕೆ ಹಿಡಿದಿದೆ ಎಂಬುದನ್ನು ಮೊದಲು ನೋಡುತ್ತಾರೆ, ಬಿಚ್ಚುವ ಮಾತು ಆಮೇಲೆ. ಶೆಡ್ಡಿಗೆ ಬೋರ್ಡಿಲ್ಲ; ಇರುವ ಕೆಲಸವೇ ಮುಗಿಯುತ್ತಿಲ್ಲ, ಹೆಸರು ಹಾಕಬೇಡಿ ಎಂದು ಮೇಸ್ತ್ರಿಯವರೇ ಕೇಳಿಕೊಂಡಿದ್ದಾರೆ.

ನಾನು ಒಪ್ಪಿಸಿದ್ದು 1948ರ ಷೆವರ್ಲೆ ಪಿಕಪ್. ಬಲಗಡೆಯ ಬಾಗಿಲು ಜೋತುಬಿದ್ದಿತ್ತು. ಹಿಂಜ್ ಬೋಲ್ಟುಗಳಲ್ಲಿ ಕೆಲವು ತುಕ್ಕು ಹಿಡಿದು ಅಲುಗಾಡದಾಗಿದ್ದರೆ, ಕೆಳಗಿನ ಹಿಂಜಿನ ಒಂದು ಬೋಲ್ಟು ಎಷ್ಟು ತಿರುಗಿಸಿದರೂ ಹೊರಗೆ ಬರದೆ ನಿಂತಲ್ಲೇ ಸುತ್ತುತ್ತಿತ್ತು. ಹಿಂಜ್ ಕೂರುವ ಬಾಗಿಲಿನ ಕಂಬವನ್ನು ಕತ್ತರಿಸಬಾರದೆಂಬುದು ನನ್ನ ಒಂದೇ ಷರತ್ತಾಗಿತ್ತು. ಐವತ್ತು ವರ್ಷ ಮೀರಿದ ಗಾಡಿಗಳನ್ನು ವಿಂಟೇಜ್ ಎಂದು ನೋಂದಾಯಿಸಲು 2021ರಲ್ಲಿ ಬಂದ ಕೇಂದ್ರದ ನಿಯಮವು ಚಾಸಿಗಾಗಲಿ ಬಾಡಿಗಾಗಲಿ ದೊಡ್ಡ ಮಾರ್ಪಾಡು ಆಗಿರಬಾರದೆಂದು ಹೇಳುತ್ತದೆ. ನಿಯಮವಿಲ್ಲದಿದ್ದರೂ ಗಟ್ಟಿಯಾಗಿ ಉಳಿದಿರುವ ಉಕ್ಕಿನ ಕ್ಯಾಬಿನ್ನಿಗೆ ಕಟ್ಟರ್ ಹಿಡಿಯಲು ನಾನು ಒಪ್ಪುತ್ತಿರಲಿಲ್ಲ.

ಜಾಮ್ ಆದ ಬೋಲ್ಟುಗಳ ಕೆಲಸ ಶಾಂತವಾಗಿ ನಡೆಯಿತು. ತಲೆಯ ತೋಡಿನಲ್ಲಿ ತುಂಬಿದ್ದ ಹಳೆಯ ಪೈಂಟನ್ನು ಮೊಳೆಯಿಂದ ಕೆದಕಿ ತೆಗೆದು, ತುಕ್ಕು ಬಿಡಿಸುವ ಎಣ್ಣೆ ಹಾಕಿ, "ಇವತ್ತು ಬೇಡ ಮಾರಾಯ್ರೆ, ನಾಳೆ ನೋಡುವ" ಎಂದು ಮೇಸ್ತ್ರಿ ನನ್ನನ್ನು ಕಳುಹಿಸಿಬಿಟ್ಟರು. ಮರುದಿನ ಸುತ್ತಿಗೆಯಿಂದ ಹೊಡೆದು ತಿರುಗಿಸುವ ಇಂಪ್ಯಾಕ್ಟ್ ಡ್ರೈವರ್ ಬಳಸಿದರು. ಹೊಡೆತವು ಡ್ರೈವರಿನ ತುದಿಯ ಬಿಟ್ಟನ್ನು ಬೋಲ್ಟಿನ ತಲೆಯೊಳಕ್ಕೆ ಒತ್ತಿ ಹಿಡಿದ ಕ್ಷಣದಲ್ಲೇ ತಿರುಗಿಸುವುದರಿಂದ ತಲೆ ಸವೆಯುವ ಭಯ ಕಡಿಮೆ. ಅದಕ್ಕೂ ಜಗ್ಗದ ಬೋಲ್ಟಿನ ತಲೆಯ ಮೇಲೆ ನಟ್ಟೊಂದನ್ನಿಟ್ಟು ಒಳಗಿನಿಂದ ವೆಲ್ಡ್ ತುಂಬಿ, ಆರಿದ ಮೇಲೆ ಸ್ಪ್ಯಾನರಿನಿಂದ ತಿರುಗಿಸಿದರು. ವೆಲ್ಡಿನ ಕಾವಿಗೆ ಹಿಗ್ಗಿದ ಬೋಲ್ಟು ಆರುವಾಗ ಕುಗ್ಗುತ್ತದೆ, ತುಕ್ಕಿನ ಹಿಡಿತ ಅಲ್ಲಿಯೇ ಒಡೆಯುತ್ತದೆ. ಇಷ್ಟೆಲ್ಲ ಆಗುವಾಗ ಬಾಗಿಲಿನ ಕೆಳಗೆ ಮರದ ತುಂಡಿಟ್ಟು ಜಾಕ್ ಕೊಟ್ಟಿದ್ದರು. ಬ್ಯಾಟರಿಯ ಅರ್ಥ್ ವೈರನ್ನು ಮೊದಲೇ ಬಿಚ್ಚಿದ್ದರು.

ಸುತ್ತುವ ಬೋಲ್ಟಿನ ಕತೆ ಬೇರೆ. ಬಾಗಿಲನ್ನು ಹೊಂದಿಸಲು ಅನುಕೂಲವಾಗಲೆಂದು ಇಂತಹ ಗಾಡಿಗಳಲ್ಲಿ ಥ್ರೆಡ್ ಇರುವ ಪಟ್ಟಿಯೊಂದು ಕಂಬದ ಒಳಗೆ ತಗಡಿನ ಗೂಡಿನಲ್ಲಿ ಸಡಿಲವಾಗಿ ಕುಳಿತಿರುತ್ತದೆ. ಗೂಡು ತುಕ್ಕಿಗೆ ಕರಗಿದರೆ ಬೋಲ್ಟಿನೊಂದಿಗೆ ಪಟ್ಟಿಯೂ ತಿರುಗತೊಡಗುತ್ತದೆ. ಮೇಸ್ತ್ರಿಯವರು ಹಿಂಜ್ ಮತ್ತು ಕಂಬದ ನಡುವೆ ಚಪ್ಪಟೆ ಉಳಿಯೊಂದನ್ನು ತುರುಕಿ ಹೊರಕ್ಕೆ ಮೀಟಿ ಹಿಡಿದರು. ಪಟ್ಟಿ ಕಂಬದ ಒಳಮೈಗೆ ಒತ್ತಿಕೊಂಡು ನಿಂತು, ಬೋಲ್ಟು ಕೆಲವು ಸುತ್ತು ಹೊರಬಂದು ಮತ್ತೆ ಹಿಡಿಯಿತು. ಕೊನೆಗೆ ತಲೆಯನ್ನಷ್ಟೇ ಡ್ರಿಲ್ ಮಾಡಿ ಹಿಂಜನ್ನು ಕಳಚಿ, ಡ್ಯಾಶ್‌ಬೋರ್ಡಿನ ಪಕ್ಕದ ತಗಡು ತೆಗೆದು ಅಲ್ಲಿಂದಲೇ ಕೈ ಹಾಕಿ ಪಟ್ಟಿಯನ್ನು ಹೊರತೆಗೆದರು.

ಹೊರಬಂದ ಬೋಲ್ಟಿನಲ್ಲೇ ಕಾರಣವಿತ್ತು. ಗಾಡಿಯದು ಇಂಚಿಗೆ 18 ಥ್ರೆಡ್ಡಿನ 5/16 ಇಂಚು ಬೋಲ್ಟು. ಹಿಂದೆ ಯಾರೋ ಹಾಕಿದ್ದು 8 ಮಿ.ಮೀ.ನದು. ದಪ್ಪದಲ್ಲಿ ಎರಡಕ್ಕೂ ಕೂದಲೆಳೆಯ ವ್ಯತ್ಯಾಸ, 7.94 ಮತ್ತು 8 ಮಿ.ಮೀ. ಪಿಚ್, ಅಂದರೆ ಥ್ರೆಡ್ಡಿನಿಂದ ಥ್ರೆಡ್ಡಿಗಿರುವ ಅಂತರ, ಮಾತ್ರ 1.41 ಮತ್ತು 1.25 ಮಿ.ಮೀ.; ಹಾಗಾಗಿ ತಪ್ಪು ಬೋಲ್ಟು ಮೊದಲ ಸುತ್ತು ಸಲೀಸಾಗಿ ಹೋಗಿ, ಮುಂದೆ ಸ್ಪ್ಯಾನರಿನ ಬಲಕ್ಕೆ ಥ್ರೆಡ್ಡನ್ನು ಹರಿದುಕೊಂಡು ಕಚ್ಚಿಕೊಳ್ಳುತ್ತದೆ. ಸಿಎಸ್‌ಕೆ, ಅಂದರೆ ತಗಡಿನ ಮಟ್ಟಕ್ಕೆ ಇಳಿದು ಕೂರುವ ಕೋನಾಕಾರದ ತಲೆಯ ಇಳಿಜಾರೂ ಹೊಂದುವುದಿಲ್ಲ. ಅಮೆರಿಕದ ಅಳತೆಯದು 82 ಡಿಗ್ರಿ, ಮೆಟ್ರಿಕ್‌ನದು 90. ತಲೆ ಅಂಚಿನಲ್ಲಷ್ಟೇ ಕುಳಿತು ಅಡಿಯಲ್ಲಿ ಉಳಿದ ಸಂದಿನಲ್ಲಿ ಮಳೆಗಾಲದ ನೀರು ನಿಲ್ಲುತ್ತದೆ. ಷೆವರ್ಲೆಯ ಕಂಪನಿ ಜನರಲ್ ಮೋಟಾರ್ಸ್ 1954ರಲ್ಲಿ ಮುಂಬಯಿಯ ಜೋಡಣೆಯನ್ನು ನಿಲ್ಲಿಸಿದ ಮೇಲೆ ಸಿಕ್ಕಿದ ಬೋಲ್ಟನ್ನೇ ಹಾಕಿಕೊಂಡು ಬಂದವರನ್ನು ದೂರುವುದೂ ಕಷ್ಟವೇ. ಬಂದರಿನ ಅಂಗಡಿಗಳಲ್ಲಿ ಸರಿಯಾದ ಅಳತೆ ಸಿಗದೆ ನಾನು ಹೊರಗಿನಿಂದ ತರಿಸಿಕೊಟ್ಟೆ. ಮೇಸ್ತ್ರಿಯವರು 6 ಮಿ.ಮೀ. ದಪ್ಪದ ಎಂಎಸ್ ಫ್ಲಾಟಿನಲ್ಲಿ (ಮೆದು ಉಕ್ಕಿನ ಚಪ್ಪಟೆ ಪಟ್ಟಿಯಲ್ಲಿ) 6.5 ಮಿ.ಮೀ. ತೂತು ಕೊರೆದು, ಥ್ರೆಡ್ಡಿಗೆ ಟ್ಯಾಪ್ ಹೊಡೆದು ಹೊಸ ಪಟ್ಟಿ ಮಾಡಿ, ಹೊಸ ಗೂಡನ್ನೂ ಕೂರಿಸಿದರು. ಥ್ರೆಡ್ಡಿಗೆ ತಾಮ್ರದ ಗ್ರೀಸ್ ಹಚ್ಚಿದ್ದನ್ನೂ, ಕಂಬದ ಬುಡದಲ್ಲಿ ಮಣ್ಣಿನಿಂದ ಮುಚ್ಚಿಹೋಗಿದ್ದ ನೀರಿನ ತೂತನ್ನು ತಂತಿ ಹಾಕಿ ಬಿಡಿಸಿದ್ದನ್ನೂ ನಾನು ಕೇಳಿರಲಿಲ್ಲ.

ದೂರುಗಳೂ ಇವೆ. ಮುಂಗಡ ಅಂದಾಜನ್ನು ಬರೆದು ಕೊಡುವುದಿಲ್ಲ. ಕೂಲಿಯನ್ನು ದಿನದ ಲೆಕ್ಕದಲ್ಲಿ ಹಿಡಿಯುತ್ತಾರೆ, ಬಿಲ್ಲನ್ನು ಕೇಳಿ ಪಡೆಯಬೇಕು. ಹೇಳಿದ ದಿನಕ್ಕೆ ಗಾಡಿ ಸಿಗಲಿಲ್ಲ, ಫೋನಿಗೆ ಉತ್ತರವೂ ಸರಿಯಾಗಿರಲಿಲ್ಲ. ವೆಲ್ಡಿನ ಕಾವಿಗೆ ಸುಟ್ಟ ಜಾಗಕ್ಕೆ ಹೊಡೆದ ಪ್ರೈಮರ್ ತೀರ ತೆಳುವಾಗಿದೆ, ಬಣ್ಣವೂ ಹೊಂದುವುದಿಲ್ಲ; ಕಡಲ ಗಾಳಿಯ ಊರಿನಲ್ಲಿ ಇದು ಸಣ್ಣ ಲೋಪವಲ್ಲ. ಬಾಗಿಲು ಮಾತ್ರ ಈಗ ಎತ್ತಿ ಹಿಡಿಯದೆಯೇ ಬೀಗಕ್ಕೆ ಕೂರುತ್ತದೆ, ಸುತ್ತಲಿನ ಸಂದು ಮೇಲಿನಿಂದ ಕೆಳಗಿನವರೆಗೆ ಒಂದೇ ಸಮನಾಗಿದೆ. ಎಡಗಡೆಯ ಬಾಗಿಲನ್ನೂ ಮಳೆಗಾಲದ ಮೊದಲೇ ಇವರಿಗೇ ಒಪ್ಪಿಸುತ್ತೇನೆ, ಪೈಂಟ್ ಕೆಲಸವನ್ನು ಬೇರೆಯವರಿಗೆ ಕೊಡುತ್ತೇನೆ.