ಹೆಡ್‌ಫೋನ್, ಎಡಗೈ, ಮಾತ್ರೆ, ಗ್ಯಾಸ್: ಹಲ್ಲಿನ ಡಾಕ್ಟರ್ ಕುರ್ಚಿಯಲ್ಲಿ ನನಗೆ ಯಾವುದು ಧೈರ್ಯ ಕೊಟ್ಟಿತು

ಚಿಕ್ಕವಳಿದ್ದಾಗ ಒಬ್ಬ ಡಾಕ್ಟರ್ "ಏನೂ ನೋವಾಗಲ್ಲ ಪುಟ್ಟಾ" ಅಂತ ಹೇಳಿ, ಒಸಡು ಮರಗಟ್ಟುವ ಮೊದಲೇ ಡ್ರಿಲ್ ಇಟ್ಟಿದ್ದರು. ಆಮೇಲೆ ಹನ್ನೊಂದು ವರ್ಷ ನಾನು ಆ ಕುರ್ಚಿ ಹತ್ತಲಿಲ್ಲ. ಕೊನೆಗೆ ಹೋದಾಗ ಎರಡು ಹುಳುಕು ಹಲ್ಲು, ಒಂದು ರೂಟ್ ಕೆನಾಲ್, ಕೀಳಿಸಲೇಬೇಕಾದ ಒಂದು ಬುದ್ಧಿಹಲ್ಲು ಇದ್ದವು. ಒಂದೂವರೆ ವರ್ಷದಲ್ಲಿ ಎಲ್ಲ ಮುಗಿಸಿದೆ. ಹೆದರಿಕೆಗೆ ಒಂದೊಂದು ಸಲ ಒಂದೊಂದು ಉಪಾಯ ಮಾಡಿದೆ. ನನ್ನ ಹಾಗೆ ಹೆದರುವವರಿಗೆ ಉಪಯೋಗವಾಗಲಿ ಅಂತ ಬರೆಯುತ್ತಿದ್ದೇನೆ.

ಎಲ್ಲರೂ ಮೊದಲು ಹೇಳುವುದು ಹೆಡ್‌ಫೋನ್. ಕ್ಲೀನಿಂಗ್ ದಿನ ಹಾಕಿಕೊಂಡೆ, ಪರವಾಗಿಲ್ಲ ಅನ್ನಿಸಿತು. ಆದರೆ ಡ್ರಿಲ್ ಮುಂದೆ ಅದು ನಿಲ್ಲಲ್ಲ. ಹೊರಗಿನ ಸದ್ದನ್ನು ತಡೆಯುವ ಹೆಡ್‌ಫೋನ್‌ಗಳು ಫ್ಯಾನಿನಂಥ ಒಂದೇ ಸಮನೆಯ ಗುಂಯ್ ಸದ್ದನ್ನು ಚೆನ್ನಾಗಿ ಅಡಗಿಸುತ್ತವೆ. ಡ್ರಿಲ್‌ನ ಕೀರಲು ಸದ್ದಿಗೆ ಅಷ್ಟು ಆಗಲ್ಲ. ಜೊತೆಗೆ ಆ ಸದ್ದು ಹಲ್ಲು, ದವಡೆ ಮೂಳೆ ಮೂಲಕವೂ ಒಳಕಿವಿಗೆ ಬರುತ್ತದೆ, ಅದನ್ನು ಯಾವ ಹೆಡ್‌ಫೋನೂ ತಡೆಯಲ್ಲ. ನನಗೆ ಇದಕ್ಕಿಂತ ಜಾಸ್ತಿ ತೊಂದರೆ ಕೊಟ್ಟಿದ್ದು ಬೇರೆ. "ಈಗ ನೀರು ಬಿಡ್ತೀನಿ" ಅಂತ ಡಾಕ್ಟರ್ ಹೇಳಿದ್ದು ಕೇಳಿಸಲೇ ಇಲ್ಲ. ತಣ್ಣನೆಯ ನೀರು ಬಿದ್ದಾಗ ಬೆಚ್ಚಿಬಿದ್ದೆ.

ಮೊದಲ ಫಿಲ್ಲಿಂಗ್‌ಗೆ ಬೇರೆ ಡಾಕ್ಟರ್ ಹತ್ತಿರ ಹೋದೆ. ಅವರು ಕುರ್ಚಿ ಹಿಂದಕ್ಕೆ ಬಾಗಿಸುವ ಮೊದಲು ನನ್ನ ಎದುರಿಗೆ ಕೂತು "ನಿಮಗೆ ಯಾವುದು ಜಾಸ್ತಿ ಭಯ?" ಅಂತ ಕೇಳಿದರು. ಇಷ್ಟು ವರ್ಷದಲ್ಲಿ ಯಾರೂ ಕೇಳಿರಲಿಲ್ಲ. "ಯಾವಾಗ ಏನಾಗುತ್ತೆ ಅಂತ ಗೊತ್ತಾಗಲ್ಲ ನೋಡಿ, ಅದು" ಅಂದೆ. "ಸರಿ, ಎಡಗೈ ಎತ್ತಿ, ನಾನು ನಿಲ್ಲಿಸ್ತೀನಿ. ಈಗಲೇ ಎತ್ತಿ ನೋಡಿ" ಅಂದರು. ಅವರು ನನ್ನ ಬಲಗಡೆ ಕೂರುತ್ತಾರೆ, ಎಡಗೈ ಎತ್ತಿದರೆ ಅವರ ಕೈಗೆ ತಗಲಲ್ಲ. ಬಾಯಿಯ ಹೊರಗೇ ಡ್ರಿಲ್ ಚಾಲೂ ಮಾಡಿದರು. ನಾನು ಕೈ ಎತ್ತಿದೆ. ಸದ್ದು ಟಕ್ ಅಂತ ನಿಂತಿತು. ಇನ್ನೊಂದು ಸಲ ಎತ್ತಿದೆ, ಮತ್ತೆ ನಿಂತಿತು.

ಆ ದಿನ ಮೂರು ಸಲ ಕೈ ಎತ್ತಿದೆ. ಮೂರನೇ ಸಲ ನೋವೇ ಇರಲಿಲ್ಲ, ನಿಜವಾಗಲೂ ನಿಲ್ಲಿಸುತ್ತಾರಾ ಅಂತ ನೋಡಬೇಕಿತ್ತು. ಏನೂ ಕೇಳದೆ ನಿಲ್ಲಿಸಿದರು. ಆಮೇಲೆ ಎತ್ತಬೇಕು ಅಂತಲೇ ಅನ್ನಿಸಲಿಲ್ಲ.

ಏನು ಮಾಡುತ್ತೇನೆ ಅಂತ ಮೊದಲು ಹೇಳಿ, ತೋರಿಸಿ, ಆಮೇಲೆ ಮಾಡುವ ಈ ಪದ್ಧತಿಯನ್ನು ಮಕ್ಕಳಿಗಾಗಿ 1959ರಲ್ಲೇ ಬರೆದಿಟ್ಟಿದ್ದಾರೆ. ದೊಡ್ಡವರಿಗೆ ಯಾಕೆ ಮಾಡಲ್ಲ ಅಂತ ನನಗೆ ಬೇಜಾರು. ಇಂಜೆಕ್ಷನ್ ವಿಷಯದಲ್ಲೂ ಹಾಗೇ ಮಾಡಿದರು. ಮೊದಲು ಒಸಡಿಗೆ ಜೆಲ್ ಹಚ್ಚಿ ಒಂದೆರಡು ನಿಮಿಷ ಬಿಟ್ಟರು. ಔಷಧಿಯನ್ನು ನಿಧಾನವಾಗಿ, ಒಂದು ಮಿಲಿಲೀಟರ್‌ಗೆ ಸುಮಾರು ಒಂದು ನಿಮಿಷದ ಲೆಕ್ಕದಲ್ಲಿ ಬಿಟ್ಟರು. ಜೋರಾಗಿ ಒತ್ತಿದರೇ ನೋವು ಜಾಸ್ತಿ. "ಇದರಲ್ಲಿ ಅಡ್ರಿನಲಿನ್ ಇದೆ, ಸ್ವಲ್ಪ ಹೊತ್ತು ಎದೆ ಹೊಡ್ಕೋಬಹುದು, ಗಾಬರಿ ಬೇಡ" ಅಂತಲೂ ಹೇಳಿದರು. ಹೇಳಿದ ಹಾಗೇ ಎದೆ ಡವಡವ ಅಂದಿತು, ಸ್ವಲ್ಪ ಹೊತ್ತಿಗೆ ಇಳಿಯಿತು. ಹೇಳದೇ ಇದ್ದಿದ್ದರೆ ನಾನು ಎದ್ದು ಓಡುತ್ತಿದ್ದೆ.

ಬುದ್ಧಿಹಲ್ಲಿಗೆ ಮಾತ್ರೆ ತಗೊಂಡೆ. ಡಾಕ್ಟರ್ ಬರೆದುಕೊಟ್ಟ ನಿದ್ದೆ ಬರಿಸುವಂಥ ಮಾತ್ರೆ, ಒಂದು ಗಂಟೆ ಮೊದಲು. ಜೊತೆಗೆ ಒಬ್ಬರು ಬರಲೇಬೇಕು, ಆ ದಿನ ಗಾಡಿ ಓಡಿಸುವ ಹಾಗಿಲ್ಲ. ಹಲ್ಲು ಕಿತ್ತಿದ್ದು ಅರ್ಧಂಬರ್ಧ ನೆನಪು. ತುಂಬಾ ಸುಖ ಅನ್ನಿಸುತ್ತೆ ಅಲ್ವಾ? ಆದರೆ ಎರಡು ತಿಂಗಳು ಬಿಟ್ಟು ಎರಡನೇ ಫಿಲ್ಲಿಂಗ್‌ಗೆ ಹೋದಾಗ ಭಯ ಹಳೆಯ ಹಾಗೇ ಇತ್ತು. ನಾನು ತಡೆದುಕೊಂಡೆ ಅನ್ನೋ ನೆನಪೇ ಇಲ್ಲದ ಮೇಲೆ ಧೈರ್ಯ ಎಲ್ಲಿಂದ ಬರಬೇಕು? ಮತ್ತೆ ಎಡಗೈಯಿಂದಲೇ ಶುರು ಮಾಡಿದೆವು.

ರೂಟ್ ಕೆನಾಲ್‌ಗೆ ಗ್ಯಾಸ್. ಇದು ನೈಟ್ರಸ್ ಆಕ್ಸೈಡ್ ಮತ್ತು ಆಮ್ಲಜನಕದ ಮಿಶ್ರಣ. 1844ರಲ್ಲಿ ಹೊರೇಸ್ ವೆಲ್ಸ್ ಅನ್ನೋ ಅಮೆರಿಕದ ದಂತವೈದ್ಯ ಇದೇ ನೈಟ್ರಸ್ ಆಕ್ಸೈಡ್ ಎಳೆದುಕೊಂಡು ತನ್ನ ಹಲ್ಲನ್ನೇ ಕೀಳಿಸಿಕೊಂಡಿದ್ದ. ಮೂಗಿಗೆ ಪುಟ್ಟ ಮಾಸ್ಕ್ ಇಡುತ್ತಾರೆ. ಎರಡು ಮೂರು ನಿಮಿಷದಲ್ಲಿ ಬೆರಳ ತುದಿ ಜುಮುಜುಮು ಅಂದಿತು, ಬಿಗಿಹಿಡಿದಿದ್ದ ಭುಜ ಸಡಿಲವಾಯಿತು. ನಿದ್ದೆ ಬರಲಿಲ್ಲ. ಡಾಕ್ಟರ್ ಮಾತು ಕೇಳಿಸುತ್ತಿತ್ತು, ಕೈ ಎತ್ತಲೂ ಆಗುತ್ತಿತ್ತು. ಮುಗಿದ ಮೇಲೆ ಸುಮಾರು ಐದು ನಿಮಿಷ ಬರೀ ಆಮ್ಲಜನಕ ಕೊಟ್ಟರು, ತಲೆ ತಿಳಿಯಾಯಿತು. ಮರಗಟ್ಟಿಸುವ ಇಂಜೆಕ್ಷನ್ ಮಾತ್ರ ಇದರಲ್ಲೂ ತಪ್ಪಲ್ಲ. ಶೀತವಾಗಿ ಮೂಗು ಕಟ್ಟಿದ್ದರೆ ಗ್ಯಾಸ್ ಕೆಲಸ ಮಾಡಲ್ಲ. ಬಸುರಿಯಾಗಿದ್ದರೆ ಮೊದಲೇ ಹೇಳಬೇಕು.

ಈಗ ಯಾರಾದರೂ ಕೇಳಿದರೆ ಸಣ್ಣ ಕೆಲಸಕ್ಕೆ ಬರೀ ಎಡಗೈ, ದೊಡ್ಡದಕ್ಕೆ ಎಡಗೈ ಜೊತೆ ಗ್ಯಾಸ್ ಅಂತೀನಿ. ಮಾತ್ರೆ ಬೇರೆ ದಾರಿಯೇ ಇಲ್ಲದಾಗ. ಹೆಡ್‌ಫೋನ್ ಬೇಕೆನ್ನಿಸಿದರೆ ಒಂದು ಕಿವಿಗೆ ಮಾತ್ರ ಹಾಕಿಕೊಳ್ಳಿ. ಅಪಾಯಿಂಟ್‌ಮೆಂಟ್‌ಗೆ ಫೋನ್ ಮಾಡುವಾಗಲೇ "ನನಗೆ ತುಂಬಾ ಭಯ, ಕೈ ಎತ್ತಿದರೆ ನಿಲ್ಲಿಸ್ತೀರಾ?" ಅಂತ ಕೇಳಿಬಿಡಿ. ನಿಲ್ಲಿಸ್ತೀವಿ ಅಂದವರು ಕುರ್ಚಿಯಲ್ಲಿ ನಿಲ್ಲಿಸದೇ ಹೋದರೆ, ಬಾಯಿ ತೊಳೆದುಕೊಂಡು ಎದ್ದು ಬನ್ನಿ.