ಮಣ್ಣುರಸ್ತೆ ತಪ್ಪಿಸುವ ಬೈಕ್ ಮಾರ್ಗ: ಆನ್‌ಲೈನ್ ನಕ್ಷೆಗಳನ್ನು ಎಷ್ಟರಮಟ್ಟಿಗೆ ನಂಬಬಹುದು?

ಕಾರಿನಲ್ಲಿ ಹೋಗುವವರಿಗೆ ಡಾಂಬರು ಮುಗಿದು ಜಲ್ಲಿ ಶುರುವಾದರೆ ವೇಗ ತಗ್ಗುತ್ತದೆ, ಮೈ ಕುಲುಕುತ್ತದೆ, ಸ್ವಲ್ಪ ಹೊತ್ತಿನಲ್ಲಿ ಅದು ಮರೆತೂ ಹೋಗುತ್ತದೆ. ನಯವಾದ ರಸ್ತೆಗೆಂದೇ ಮಾಡಿದ ಟೈರುಗಳಿರುವ, ಹಿಂದೆ ಸಾಮಾನು ಕಟ್ಟಿಕೊಂಡು ಸಾಗುವ ಭಾರದ ಬೈಕಿಗೆ ಅದೇ ಜಲ್ಲಿ ಬೇರೆಯೇ ಸಂಗತಿ. ಸಡಿಲ ಕಲ್ಲಿನ ಮೇಲೆ ಮುಂದಿನ ಚಕ್ರಕ್ಕೆ ಹಿಡಿತ ಸಿಗುವುದಿಲ್ಲ, ಇಳಿಜಾರಿನ ತಿರುವಿನಲ್ಲಿ ಮುಂದಿನ ಬ್ರೇಕ್ ಒತ್ತಲು ಧೈರ್ಯ ಬರುವುದಿಲ್ಲ, ಕಿರಿದಾದ ದಾರಿಯಲ್ಲಿ 200 ಕಿಲೋಗ್ರಾಂ ಮೀರಿದ ವಾಹನವನ್ನು ಬಂದ ದಿಕ್ಕಿಗೆ ತಿರುಗಿಸುವುದು ಒಬ್ಬರಿಂದ ಸುಲಭಕ್ಕೆ ಆಗುವ ಕೆಲಸವೂ ಅಲ್ಲ. ಆದ್ದರಿಂದ ನಾನು ಮಾರ್ಗ ಯೋಜಿಸುವ ಸೇವೆಗಳನ್ನು ಅಳೆಯುವಾಗ ಮೊದಲು ಕೇಳುವ ಪ್ರಶ್ನೆ ಒಂದೇ: ಈ ಸೇವೆಗೆ ರಸ್ತೆಯ ಮೇಲ್ಮೈ ಎಂಥದ್ದೆಂದು ನಿಜವಾಗಿ ಗೊತ್ತಿದೆಯೇ, ಅಥವಾ ಅದು ಊಹೆ ಮಾಡುತ್ತಿದೆಯೇ?

ಈ ಪ್ರಶ್ನೆ ನನ್ನಲ್ಲಿ ಹುಟ್ಟಿದ್ದು ಒಂದು ಕಹಿ ಅನುಭವದಿಂದ. ಹೆಸರು ಬೇಡ, ಒಂದು ಆ್ಯಪ್‌ನಲ್ಲಿ ಮಣ್ಣುರಸ್ತೆ ಬೇಡವೆಂಬ ಆಯ್ಕೆಯನ್ನು ಒತ್ತಿ, ಅದು ಕೊಟ್ಟ ದಾರಿಯನ್ನೇ ನೆಚ್ಚಿ ಹೊರಟಿದ್ದೆ. ಸಂಜೆಯ ಹೊತ್ತಿಗೆ, ಉಳಿದದ್ದು ಇನ್ನು ಸ್ವಲ್ಪವೇ ದೂರ ಎನ್ನುವಾಗ, ಡಾಂಬರು ಒಂದು ಸೇತುವೆಯ ಬಳಿ ನಿಂತುಹೋಯಿತು. ಮುಂದೆ ಮುಷ್ಟಿಗಾತ್ರದ ಕಲ್ಲುಗಳ ಏರುದಾರಿ. ಅರ್ಧ ಏರಿದ ಮೇಲೆ ಮುಂದೆ ಹೋಗುವುದಕ್ಕಿಂತ ಹಿಂದಿರುಗುವುದೇ ಹೆಚ್ಚು ಅಪಾಯವೆನಿಸಿ, ಒಂದನೇ ಗೇರಿನಲ್ಲಿ, ಎರಡೂ ಕಾಲು ಚಾಚಿಕೊಂಡು, ಕತ್ತಲಾಗುವ ಮೊದಲು ಹೇಗೋ ಮೇಲೆ ತಲುಪಿದೆ. ಬೈಕು ಬೀಳಲಿಲ್ಲ, ಆದರೆ ಆ ಭಯ ಬಹಳ ದಿನ ಉಳಿಯಿತು. ಬಿಡುವಾದಾಗ ಕೂತು ನೋಡಿದರೆ ಆ ತುಂಡು ರಸ್ತೆಯ ಮೇಲ್ಮೈ ಯಾವುದೆಂಬ ದಾಖಲೆಯೇ ನಕ್ಷೆಯಲ್ಲಿ ಇರಲಿಲ್ಲ. ಯಾರೂ ಅದನ್ನು ಮಣ್ಣುರಸ್ತೆ ಎಂದು ಬರೆದಿರಲಿಲ್ಲ, ಹಾಗಾಗಿ ತಪ್ಪಿಸಬೇಕಾದ ರಸ್ತೆಗಳ ಸಾಲಿಗೆ ಅದು ಸೇರಿಯೇ ಇರಲಿಲ್ಲ.

ಇಲ್ಲಿರುವುದೇ ಈ ಎಲ್ಲ ಸೇವೆಗಳ ಮರ್ಮ. 2004ರಲ್ಲಿ ಆರಂಭವಾದ ಓಪನ್‌ಸ್ಟ್ರೀಟ್‌ಮ್ಯಾಪ್ ಸ್ವಯಂಸೇವಕರು ಕಟ್ಟುತ್ತಿರುವ ಮುಕ್ತ ನಕ್ಷೆ, ಬೈಕ್ ಸವಾರರು ಬಳಸುವ ಹಲವು ಯೋಜನಾ ಸೇವೆಗಳಿಗೆ ಅದೇ ತಳಹದಿ. ಅದರಲ್ಲಿ ಪ್ರತಿಯೊಂದು ರಸ್ತೆಗೂ ‘ಸರ್ಫೇಸ್’ (ಮೇಲ್ಮೈ) ಎಂಬ ಟ್ಯಾಗ್, ಅಂದರೆ ಗುರುತುಚೀಟಿ, ಕೊಡಬಹುದು: ಆಸ್ಫಾಲ್ಟ್ (ಡಾಂಬರು), ಕಾಂಕ್ರೀಟ್, ಕಾಂಪ್ಯಾಕ್ಟೆಡ್ (ಒತ್ತಿ ಗಟ್ಟಿ ಮಾಡಿದ್ದು), ಗ್ರಾವೆಲ್ (ಜಲ್ಲಿ), ಡರ್ಟ್ (ಮಣ್ಣು), ಸ್ಯಾಂಡ್ (ಮರಳು) ಹೀಗೆ. ಹೊಲ, ಕಾಡುಗಳೊಳಗಿನ ದಾರಿಗಳಿಗೆ ಗ್ರೇಡ್ 1ರಿಂದ ಗ್ರೇಡ್ 5ರವರೆಗಿನ ‘ಟ್ರ್ಯಾಕ್‌ಟೈಪ್’ ಉಂಟು. ಗ್ರೇಡ್ 1 ಎಂದರೆ ಗಟ್ಟಿ ಮೇಲ್ಮೈ, ಗ್ರೇಡ್ 5 ಎಂದರೆ ಮೆತ್ತನೆಯ ಬರಿ ನೆಲ. ರಸ್ತೆ ಎಷ್ಟು ನಯವಾಗಿದೆ ಎಂದು ಹೇಳಲು ‘ಸ್ಮೂತ್‌ನೆಸ್’ ಎಂಬ 8 ಹಂತಗಳ ಅಳತೆಯೂ ಇದೆ. ವ್ಯವಸ್ಥೆ ಸೊಗಸಾಗಿದೆ, ಆದರೆ ಯಾವ ಟ್ಯಾಗ್ ಹಾಕುವುದೂ ಕಡ್ಡಾಯವಲ್ಲ. ಟ್ಯಾಗ್ ಇಲ್ಲದ ಕಡೆ ಮಾರ್ಗ ಲೆಕ್ಕ ಹಾಕುವ ತಂತ್ರಾಂಶವು ಸಾಮಾನ್ಯವಾಗಿ ರಸ್ತೆಯ ದರ್ಜೆಯನ್ನು ನೋಡಿ ಊಹಿಸುತ್ತದೆ. ‘ಟ್ರ್ಯಾಕ್’ (ಹೊಲ, ಕಾಡಿನ ದಾರಿ) ಎಂದು ಗುರುತಾದದ್ದನ್ನು ಕಚ್ಚಾ ಎಂದೂ, ಸಣ್ಣ ಸಾರ್ವಜನಿಕ ರಸ್ತೆ ಎಂದು ಗುರುತಾದದ್ದನ್ನು ಡಾಂಬರೆಂದೂ ಭಾವಿಸುತ್ತದೆ. ಹೀಗಾಗಿ ‘ಮಣ್ಣುರಸ್ತೆ ತಪ್ಪಿಸಿ’ ಎಂಬ ಗುಂಡಿ ತಪ್ಪಿಸುವುದು ಮಣ್ಣುರಸ್ತೆಯೆಂದು ಬರೆದಿಟ್ಟ ರಸ್ತೆಗಳನ್ನು, ಮಣ್ಣಿನ ರಸ್ತೆಗಳೆಲ್ಲವನ್ನೂ ಅಲ್ಲ.

ಈ ಹಿನ್ನೆಲೆಯಲ್ಲಿ ನಾನು ಹೆಚ್ಚು ಬಳಸಿದ ಸೇವೆ ಕುರ್ವಿಗರ್. ಜರ್ಮನಿಯಲ್ಲಿ ಹುಟ್ಟಿದ, ಬೈಕ್ ಸವಾರರಿಗೆಂದೇ ರೂಪಿಸಿದ ಈ ಯೋಜಕವು ಓಪನ್‌ಸ್ಟ್ರೀಟ್‌ಮ್ಯಾಪ್ ದತ್ತಾಂಶದ ಮೇಲೆ ನಿಂತಿದೆ. ಅತಿ ವೇಗದ ಮಾರ್ಗದಿಂದ ಹಿಡಿದು ಅತಿ ಹೆಚ್ಚು ತಿರುವುಗಳ ಮಾರ್ಗದವರೆಗೆ ಹಲವು ಹಂತಗಳಲ್ಲಿ ದಾರಿಯನ್ನು ಕೇಳಬಹುದು, ಜೊತೆಗೆ ಮಣ್ಣುರಸ್ತೆ ಬೇಡವೆಂದೂ ಹೇಳಬಹುದು. ಬ್ರೌಸರಿನ ದೊಡ್ಡ ಪರದೆಯಲ್ಲಿ ರೇಖೆಯನ್ನು ಎಳೆದೆಳೆದು ಬೇಕಾದ ಕಣಿವೆಗೆ, ಬೇಕಾದ ಘಟ್ಟಕ್ಕೆ ಹೊಂದಿಸುವ ಕೆಲಸ ಇದರಲ್ಲಿ ನಿಜಕ್ಕೂ ಹಿತವಾಗಿದೆ. ಆದರೆ ಇದನ್ನು ಬಳಸುವವರು ಒಂದು ಮಾತನ್ನು ಗಮನಿಸಬೇಕು. ತಿರುವುಗಳನ್ನು ಹೆಚ್ಚು ಬೇಡಿದಷ್ಟೂ ಯೋಜಕವು ಹೆದ್ದಾರಿಯಿಂದ ದೂರ ಸರಿದು ಸಣ್ಣ ರಸ್ತೆಗಳಿಗೆ ಇಳಿಯುತ್ತದೆ, ಮೇಲ್ಮೈಯ ದಾಖಲೆ ತೆಳುವಾಗಿರುವುದೂ ಅಂಥ ಸಣ್ಣ ರಸ್ತೆಗಳಲ್ಲೇ. ಒಂದು ಆಯ್ಕೆಯಿಂದ ನಾವು ಕೇಳಿಕೊಂಡ ಸುಖವು ಇನ್ನೊಂದು ಆಯ್ಕೆ ಕೊಟ್ಟ ರಕ್ಷಣೆಯನ್ನು ಸಡಿಲಗೊಳಿಸುತ್ತದೆ. ಆದ್ದರಿಂದ ಗೊತ್ತಿಲ್ಲದ ಪ್ರದೇಶದಲ್ಲಿ ನಾನು ತಿರುವುಗಳ ಕಡೆಯ ಹಂತವನ್ನು ಆರಿಸುವುದಿಲ್ಲ, ಒಂದು ಹಂತ ಕೆಳಗೆ ನಿಲ್ಲುತ್ತೇನೆ.

ಮೇಲ್ಮೈಯ ಪರಿಶೀಲನೆಗೆ ನನಗೆ ಎಲ್ಲಕ್ಕಿಂತ ಹೆಚ್ಚು ನೆರವಾದದ್ದು ಓಸ್ಮ್‌ಆ್ಯಂಡ್. ಈ ಆ್ಯಪ್‌ನಲ್ಲೂ ಮಣ್ಣುರಸ್ತೆ ತಪ್ಪಿಸುವ ಆಯ್ಕೆ ಇದೆ, ನಕ್ಷೆಗಳನ್ನು ಮೊದಲೇ ಇಳಿಸಿಕೊಂಡರೆ ನೆಟ್‌ವರ್ಕ್ ಇಲ್ಲದ ಕಡೆಯೂ ದಾರಿ ತೋರಿಸುತ್ತದೆ. ಆದರೆ ನಾನು ಇದನ್ನು ಮೆಚ್ಚಿಕೊಂಡ ಕಾರಣ ಬೇರೆ. ಲೆಕ್ಕ ಹಾಕಿದ ಮಾರ್ಗದ ವಿವರಗಳನ್ನು ತೆರೆದರೆ ರಸ್ತೆಯ ದರ್ಜೆ, ಮೇಲ್ಮೈ, ನಯ, ಏರಿಳಿತ ಇವೆಲ್ಲ ಬಣ್ಣದ ಪಟ್ಟಿಗಳಾಗಿ, ಯಾವುದು ಎಷ್ಟು ಕಿಲೋಮೀಟರ್ ಎಂಬ ಲೆಕ್ಕದೊಂದಿಗೆ ಕಾಣುತ್ತವೆ. ಆ ಪಟ್ಟಿಯಲ್ಲಿ ಮಾಹಿತಿ ಇಲ್ಲದ ಭಾಗವನ್ನು ಡಾಂಬರಿನ ಜೊತೆ ಬೆರೆಸದೆ, ‘ಅನಿರ್ದಿಷ್ಟ’ ಎಂದು ಪ್ರತ್ಯೇಕವಾಗಿ ತೋರಿಸುತ್ತದೆ. ನನಗೆ ತಿಳಿಯದು ಎಂದು ಒಪ್ಪಿಕೊಳ್ಳುವ ನಕ್ಷೆಯ ಮೇಲೆ ನನ್ನ ವಿಶ್ವಾಸ ಹೆಚ್ಚು. ಬ್ರೌಸರಿನಲ್ಲೇ ಇಂಥ ವಿಂಗಡಣೆ ಬೇಕೆನ್ನುವವರಿಗೆ ಓಪನ್‌ರೂಟ್‌ಸರ್ವಿಸ್ ಎಂಬ ಜಾಲತಾಣವೂ ಮಾರ್ಗದ ಮೇಲ್ಮೈಯನ್ನು ಭಾಗಭಾಗವಾಗಿ ತೋರಿಸುತ್ತದೆ. ಓಸ್ಮ್‌ಆ್ಯಂಡ್‌ನ ಕೊರತೆಯನ್ನೂ ಹೇಳಬೇಕು. ಆಯ್ಕೆಗಳು ವಿಪರೀತ ಹೆಚ್ಚು, ಹೊಸಬರು ಒಂದು ವಾರವಾದರೂ ಒದ್ದಾಡುತ್ತಾರೆ, ಉದ್ದದ ಮಾರ್ಗವನ್ನು ಲೆಕ್ಕ ಹಾಕಲು ಹಳೆಯ ಫೋನುಗಳು ಬಹಳ ಹೊತ್ತು ತೆಗೆದುಕೊಳ್ಳುತ್ತವೆ.

ವೇಜ್ ಎಂಬ ಆ್ಯಪ್‌ನಲ್ಲಿ ಮಣ್ಣುರಸ್ತೆಯನ್ನು ಒಪ್ಪು, ಬೇಡ, ಉದ್ದವಾದದ್ದು ಮಾತ್ರ ಬೇಡ ಎಂಬ ಮೂರು ಆಯ್ಕೆಗಳಿವೆ, ಮೂರನೆಯದು ತುಂಬ ವಿವೇಕದ ಆಯ್ಕೆ. ಆದರೆ ಅದು ಆ ಕ್ಷಣದ ವಾಹನದಟ್ಟಣೆ ನೋಡಿ ಬೇಗ ತಲುಪಿಸುವ ಸಾಧನ. ಮನೆಯಲ್ಲಿ ಕೂತು ಮೂರು ದಿನದ ದಾರಿಯನ್ನು ಹೆಣೆಯಲು ಅದು ಒದಗುವುದಿಲ್ಲ.

ಗೂಗಲ್ ಮ್ಯಾಪ್ಸ್ ನನಗೆ ಮಾರ್ಗ ಹಾಕುವ ಸಾಧನಕ್ಕಿಂತ ಹೆಚ್ಚಾಗಿ ಸಾಕ್ಷಿ. ಮಾರ್ಗ ಹಾಕಲು ಅದರಲ್ಲಿ ಹೊರಡುವ ಜಾಗವೂ ಸೇರಿ 10 ಸ್ಥಳಗಳ ಮಿತಿಯಿದೆ, ಸಣ್ಣ ರಸ್ತೆಗಳ ಮೂಲಕ ಹಾಯುವ ದಿನವಿಡೀ ಪಯಣಕ್ಕೆ ಅಷ್ಟು ಬಿಂದುಗಳು ಸಾಲುವುದಿಲ್ಲ. ಆದರೆ ಅದರ ಉಪಗ್ರಹ ಚಿತ್ರಗಳಿಗೂ, ರಸ್ತೆಯಲ್ಲೇ ನಿಂತು ನೋಡಿದಂಥ ಚಿತ್ರಗಳನ್ನು ಕೊಡುವ, 2007ರಿಂದ ಬೆಳೆದುಬಂದ ಸ್ಟ್ರೀಟ್ ವ್ಯೂಗೂ ಸಾಟಿಯಾದದ್ದು ನನಗೆ ಸಿಕ್ಕಿಲ್ಲ. ಓಸ್ಮ್‌ಆ್ಯಂಡ್ ‘ಅನಿರ್ದಿಷ್ಟ’ ಎಂದು ತೋರಿಸಿದ ಒಂದೊಂದೇ ತುಂಡನ್ನು ಇಲ್ಲಿ ಹುಡುಕಿ, ಹತ್ತಿರಕ್ಕೆ ತಂದು ನೋಡುತ್ತೇನೆ. ಈ ನೋಡುವಿಕೆಯೂ ಅಭ್ಯಾಸದಿಂದ ಬರುವ ವಿದ್ಯೆ. ಬಣ್ಣವೊಂದನ್ನೇ ನಂಬಿದರೆ ಮೋಸಹೋಗುತ್ತೇವೆ, ಏಕೆಂದರೆ ಬಿಸಿಲಿಗೆ ಬಿಳಿಚಿದ ಹಳೆಯ ಡಾಂಬರು, ಕಾಂಕ್ರೀಟ್, ಒಣ ಮಣ್ಣು ಮೂರೂ ಮೇಲಿನಿಂದ ಹೆಚ್ಚುಕಡಿಮೆ ಒಂದೇ ತೆರ. ನಡುವಿನ ಬಿಳಿಗೆರೆ ಕಂಡರೆ ಅನುಮಾನವಿಲ್ಲ. ಗೆರೆಯಿಲ್ಲದಿದ್ದರೆ ಅಂಚುಗಳನ್ನು ನೋಡಬೇಕು: ಡಾಂಬರಿನ ಅಂಚು ಕತ್ತರಿಸಿಟ್ಟಂತೆ ನೇರವಾಗಿ, ಅಗಲ ಎಲ್ಲೆಡೆ ಸಮನಾಗಿ ಇರುತ್ತದೆ. ಮಣ್ಣುದಾರಿ ತಿರುವುಗಳಲ್ಲಿ ಹಿಗ್ಗುತ್ತದೆ, ಬೇರೆಡೆ ಕುಗ್ಗುತ್ತದೆ, ನಡುವೆ ಹುಲ್ಲು ಬೆಳೆದು ಎರಡು ಚಕ್ರಗಳ ಜಾಡು ಬೇರೆಬೇರೆಯಾಗಿ ಕಾಣುತ್ತದೆ. ಅಡ್ಡರಸ್ತೆಗಳು ಕೂಡುವ ಜಾಗದಲ್ಲಿ ಎರಡರ ಬಣ್ಣವನ್ನೂ ಒಂದೇ ಚಿತ್ರದಲ್ಲಿ ಹೋಲಿಸಬಹುದು, ಇದು ನನಗೆ ಬಹಳ ಸಲ ಕೈಹಿಡಿದ ಉಪಾಯ. ದಟ್ಟ ಮರಗಳ ಕೆಳಗೆ ಹೋಗುವ ರಸ್ತೆ ಮಾತ್ರ ಉಪಗ್ರಹಕ್ಕೆ ಕಾಣುವುದೇ ಇಲ್ಲ.

ಸ್ಟ್ರೀಟ್ ವ್ಯೂ ಇದ್ದರೆ ಈ ತರ್ಕವೆಲ್ಲ ಬೇಕಾಗುವುದಿಲ್ಲ, ರಸ್ತೆ ಕಣ್ಣೆದುರೇ ಇರುತ್ತದೆ. ಆದರೆ ಚಿತ್ರ ತೆಗೆದ ತಿಂಗಳು, ವರ್ಷವನ್ನು ಓದಲೇಬೇಕು. ಹಳೆಯ ಚಿತ್ರದಲ್ಲಿ ಮಣ್ಣಾಗಿದ್ದ ರಸ್ತೆ ಈಗ ಡಾಂಬರು ಕಂಡಿರಬಹುದು, ಡಾಂಬರಿದ್ದದ್ದು ಕಿತ್ತುಹೋಗಿರಲೂಬಹುದು. ಸ್ಟ್ರೀಟ್ ವ್ಯೂ ಕಾರು ಹೋಗದ ರಸ್ತೆಗಳಿಗೆ ಮ್ಯಾಪಿಲರಿ ಎಂಬ ಸೇವೆಯಲ್ಲಿ ಸಾಮಾನ್ಯ ಜನರು ಏರಿಸಿದ ಚಿತ್ರಗಳು ಕೆಲವೊಮ್ಮೆ ಸಿಗುತ್ತವೆ. ಎಲ್ಲಿಯೂ ಚಿತ್ರ ಸಿಗದ ತುಂಡು ಐದಾರು ಕಿಲೋಮೀಟರಿಗಿಂತ ಉದ್ದವಿದ್ದರೆ ನಾನು ಅದನ್ನು ಮಣ್ಣುರಸ್ತೆಯೆಂದೇ ಎಣಿಸಿ ಬೇರೆ ದಾರಿ ಹಿಡಿಯುತ್ತೇನೆ. ಇದು ಅತಿ ಎಚ್ಚರಿಕೆಯೆಂದು ಕೆಲವರಿಗೆ ಅನ್ನಿಸೀತು, ಆ ಸಂಜೆಯ ಏರನ್ನು ಏರಿದವನಿಗೆ ಹಾಗೆ ಅನ್ನಿಸುವುದಿಲ್ಲ.

ಇಷ್ಟು ಶ್ರಮದಿಂದ ಹೆಣೆದ ಮಾರ್ಗವು ಫೋನಿಗೋ ಜಿಪಿಎಸ್ ಸಾಧನಕ್ಕೋ ದಾಟುವಾಗ ಕೆಡಬಲ್ಲದು ಎಂಬುದನ್ನು ಹಲವರು ಗಮನಿಸುವುದಿಲ್ಲ. ಮಾರ್ಗವನ್ನು ಒಯ್ಯಲು ಬಳಸುವ ಜಿಪಿಎಕ್ಸ್ ಕಡತದಲ್ಲಿ ‘ರೂಟ್’ ಮತ್ತು ‘ಟ್ರ್ಯಾಕ್’ ಎಂಬ ಎರಡು ಬಗೆಗಳಿವೆ. ರೂಟ್‌ನಲ್ಲಿ ಹಾಯಬೇಕಾದ ಕೆಲವು ಬಿಂದುಗಳಷ್ಟೇ ಇರುತ್ತವೆ, ಅವುಗಳ ನಡುವಿನ ದಾರಿಯನ್ನು ಸಾಧನವು ತನ್ನ ನಕ್ಷೆ, ತನ್ನ ಆಯ್ಕೆಗಳ ಪ್ರಕಾರ ಹೊಸದಾಗಿ ಲೆಕ್ಕ ಹಾಕುತ್ತದೆ. ಟ್ರ್ಯಾಕ್‌ನಲ್ಲಿ ಇಡೀ ದಾರಿಯು ಒತ್ತೊತ್ತಾದ ಬಿಂದುಗಳ ರೇಖೆಯಾಗಿ ಹಾಗೆಯೇ ಉಳಿಯುತ್ತದೆ. ಮೇಲ್ಮೈ ಪರಿಶೀಲಿಸಿದ ಮಾರ್ಗವನ್ನು ಆದ್ದರಿಂದ ಟ್ರ್ಯಾಕ್ ಆಗಿಯೇ ಉಳಿಸಿಕೊಳ್ಳಬೇಕು. ದಾರಿ ತಪ್ಪಿದಾಗ ಸಾಧನವು ತಾನಾಗಿ ಬದಲಿ ದಾರಿ ಹುಡುಕುವುದರಿಂದ, ಆ ಸಾಧನದಲ್ಲೂ ಮಣ್ಣುರಸ್ತೆ ಬೇಡವೆಂಬ ಆಯ್ಕೆಯನ್ನು ಮೊದಲೇ ಹಾಕಿಡಬೇಕು. ಗಾರ್ಮಿನ್‌ನ ಬೈಕ್ ಸಾಧನಗಳಲ್ಲಿ ಈ ಆಯ್ಕೆ ಸೆಟ್ಟಿಂಗ್ಸ್ ಒಳಗಿದೆ, ಯೋಜಕದಲ್ಲಿ ಹಾಕಿದ್ದು ಅಲ್ಲಿಗೆ ತಾನೇ ಬಂದು ಕೂರುವುದಿಲ್ಲ.

ಯಾವ ಸೇವೆಯೂ ಹೇಳದ ಸಂಗತಿಗಳೂ ಇವೆ. ಮಳೆಗೆ ಕೊಚ್ಚಿಹೋದ ಅಂಚು, ಅಗೆದು ಬಿಟ್ಟ ಕಾಮಗಾರಿ, ಹಳ್ಳ ಬಿದ್ದ ಡಾಂಬರು ಇವೆಲ್ಲ ನಕ್ಷೆಯ ಮಟ್ಟಿಗೆ ಆಸ್ಫಾಲ್ಟ್ ಆಗಿಯೇ ಉಳಿಯುತ್ತವೆ, ಸ್ಮೂತ್‌ನೆಸ್ ಬರೆದಿರುವ ಸಣ್ಣ ರಸ್ತೆಗಳು ನನ್ನ ಕಣ್ಣಿಗೆ ಬಿದ್ದದ್ದು ಅಪರೂಪ. ಕಲ್ಲುಹಾಸಿನ ರಸ್ತೆ ಮಣ್ಣುರಸ್ತೆಯ ಗುಂಪಿಗೆ ಸೇರುವುದಿಲ್ಲವಾದರೂ ಮಳೆಯಲ್ಲಿ ಅದರ ಮೇಲೆ ಟೈರು ಜಾರುತ್ತದೆ ಎಂಬುದನ್ನೂ ಸವಾರರೇ ನೆನಪಿಡಬೇಕು.

ಒಟ್ಟಿನಲ್ಲಿ ಮಾರ್ಗದ ಅಂದಕ್ಕೆ ಕುರ್ವಿಗರ್, ಮೇಲ್ಮೈಯ ಲೆಕ್ಕಕ್ಕೆ ಓಸ್ಮ್‌ಆ್ಯಂಡ್, ಅನುಮಾನದ ತುಂಡುಗಳಿಗೆ ಗೂಗಲ್‌ನ ಚಿತ್ರಗಳು ಎಂಬ ಕ್ರಮದಲ್ಲಿ ನಾನು ಕೆಲಸ ಮಾಡುತ್ತೇನೆ. ಒಂದು ದಿನದ ಸವಾರಿಗೆ ಹೆಚ್ಚೆಂದರೆ ಒಂದು ಗಂಟೆ ಬೇಕು. ಈ ಸೇವೆಗಳನ್ನು ಮಾಡುವವರಲ್ಲಿ ನನ್ನ ಒಂದು ಬೇಡಿಕೆ ಉಳಿದಿದೆ: ‘ಮಣ್ಣುರಸ್ತೆ ತಪ್ಪಿಸಿ’ ಎಂಬ ಗುಂಡಿಯ ಪಕ್ಕದಲ್ಲಿ ‘ಮೇಲ್ಮೈ ತಿಳಿಯದ ರಸ್ತೆ ತಪ್ಪಿಸಿ’ ಎಂಬ ಇನ್ನೊಂದು ಸರಳ ಗುಂಡಿ ಬೇಕು.

ಅಲ್ಲಿಯವರೆಗೆ, ಸವಾರಿಯಿಂದ ಮರಳಿದ ಮೇಲೆ ನಾನು ಸ್ಟ್ರೀಟ್‌ಕಂಪ್ಲೀಟ್ ಎಂಬ ಆ್ಯಪ್ ತೆರೆದು ಕೂರುತ್ತೇನೆ. ನಕ್ಷೆಯಲ್ಲಿ ಮಾಹಿತಿ ಇಲ್ಲದ ಕಡೆ ‘ಈ ರಸ್ತೆಯ ಮೇಲ್ಮೈ ಯಾವುದು?’ ಎಂದು ಅದು ಕೇಳುತ್ತದೆ, ಚಿತ್ರಗಳಲ್ಲಿ ಒಂದನ್ನು ಮುಟ್ಟಿದರೆ ಉತ್ತರವು ಓಪನ್‌ಸ್ಟ್ರೀಟ್‌ಮ್ಯಾಪ್‌ಗೆ ಸೇರುತ್ತದೆ. ನಾನೇ ಹಾದುಬಂದು ಕಣ್ಣಾರೆ ಕಂಡ ತುಂಡುಗಳಿಗೆ ಮಾತ್ರ ಉತ್ತರ ಕೊಡುತ್ತೇನೆ, ಜಲ್ಲಿಯಿದ್ದ ಕಡೆ ಜಲ್ಲಿಯೆಂದು, ಡಾಂಬರಿದ್ದ ಕಡೆ ಡಾಂಬರೆಂದು. ಮುಂದಿನ ತಿಂಗಳ ನಕ್ಷೆಯನ್ನು ಇಳಿಸಿಕೊಂಡು ಅದೇ ಮಾರ್ಗವನ್ನು ಮತ್ತೆ ಲೆಕ್ಕ ಹಾಕಿದಾಗ ‘ಅನಿರ್ದಿಷ್ಟ’ದ ಪಟ್ಟಿ ಕೆಲವು ಕಿಲೋಮೀಟರ್‌ಗಳಷ್ಟು ಕುಗ್ಗಿರುತ್ತದೆ.